ಸಂಗಿಗೆ ಮೂವತ್ತನೇ ನಂಬರ್ ಎಣ್ಣೆ

ಇದೆಲ್ಲ ನಡೆದದ್ದು 1963ರ ಜೂನ್ ತಿಂಗಳಿಂದ ಮುಂದಿನ ವರ್ಷದ ಜುಲೈವರೆಗೆ, ಬಂಗಾರಪೇಟೆಯ ಒಂದು ಲಾರಿ ಷೆಡ್ಡಿನಲ್ಲಿ. ಇಂಜಿನ್ ಎಣ್ಣೆಯ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯನನ್ನು ನಾನು ಆ ಹದಿಮೂರು ತಿಂಗಳಲ್ಲಿ ನೋಡಲಿಲ್ಲ. ಆದ್ದರಿಂದ ಇಂಥ ಪ್ರಸಂಗಗಳು ವಾರಕ್ಕೊಂದರಂತೆ ನಡೆಯುತ್ತಲೇ ಇದ್ದವು. ನೆನಪಿರುವಷ್ಟನ್ನು ಬರೆದಿದ್ದೇನೆ.

ನಾನು ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವನು. ಷೆಡ್ಡಿನ ಸ್ಟೋರ್ ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಯಜಮಾನರಿಂದ ಡ್ರೈವರ್‌ವರೆಗೆ ಎಲ್ಲರೂ ‘ಬಿಎಸ್ಸಿ’ ಎಂದೇ ಕರೆಯುತ್ತಿದ್ದರು.

ಮೂವತ್ತಕ್ಕೆ ಫೇಲು

ಯಜಮಾನರ ಬಳಿ ಮೂರು ಲಾರಿಗಳಿದ್ದವು. ಮದ್ರಾಸಿನ ಹರಾಜಿನಲ್ಲಿ ನಾಲ್ಕನೆಯದನ್ನು ತಂದರು. ವಿದೇಶದ ಲಾರಿ. ಕ್ವಾರಿಯಿಂದ ಚಿನ್ನದ ಗಣಿ ಕಡೆಗೆ ಕಲ್ಲು ಸಾಗಿಸಲು. ಇಂಜಿನ್ನಿನ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಭಾಗ ಇತ್ತು. ಇಂಜಿನ್ ಬಿಡುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಲಾರಿಯ ಜೊತೆ ಬಂದ ಪುಸ್ತಕದಲ್ಲಿ ಅದರ ಹೆಸರು ಟರ್ಬೋ.

ಷೆಡ್ಡಿನ ರಿಪೇರಿ ಮೇಸ್ತ್ರಿ ಅದನ್ನು ಒಂದು ಸುತ್ತು ಹಾಕಿ ನೋಡಿ, “ಸಂಗು” ಎಂದರು.

ಮೇಸ್ತ್ರಿ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನವರು, ಮನೆಮಾತು ತಮಿಳು. ಸಂಗು ಎಂದರೆ ಶಂಖ. ಅಂದಿನಿಂದ ಅದು ಸಂಗು. ಟರ್ಬೋ ಎಂದು ಕರೆದವನು ನಾನೊಬ್ಬನೇ. ಒಂದು ತಿಂಗಳಾದ ಮೇಲೆ ನಾನೂ ಬಿಟ್ಟೆ.

ಆ ಪುಸ್ತಕವನ್ನು ಎರಡು ಸಲ ಓದಿದೆ. ಮೂವತ್ತನೇ ನಂಬರ್ ಎಣ್ಣೆ, ಅದೂ ಮಸಿ ತೊಳೆಯುವ ಗುಣವಿರುವ ಜಾತಿಯದು, ಬೇರೆ ಯಾವುದೂ ಕೂಡದು ಎಂದಿತ್ತು. ಸಂಗಿನ ಒಳಗಿನ ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಎಣ್ಣೆ ತೆಳ್ಳಗಿದ್ದರೆ ಮಾತ್ರ ಅದರ ಬೇರಿಂಗಿಗೆ ಬೇಗ ತಲುಪುತ್ತದೆ.

ಮೇಸ್ತ್ರಿ ಮೂವತ್ತು ವರ್ಷದಿಂದ ಎಲ್ಲ ಗಾಡಿಗೂ ಐವತ್ತನೇ ನಂಬರ್ ಹಾಕಿದವರು. ಹೆಬ್ಬೆರಳು ತೋರುಬೆರಳ ನಡುವೆ ಎಣ್ಣೆ ಹಿಡಿದು, ಬೆರಳು ಬಿಡಿಸಿ, ಎಳೆ ಎಷ್ಟು ಉದ್ದ ಬರುತ್ತದೆ ಎಂದು ನೋಡುವುದು ಅವರ ಪರೀಕ್ಷೆ. ನನ್ನ ಎಣ್ಣೆಯಲ್ಲಿ ಎಳೆ ಬರಲಿಲ್ಲ.

“ಇದು ಎಣ್ಣೆ ಇಲ್ಲ ತಂಬಿ, ರಸಂ,” ಎಂದರು.

ವಿಷಯ ಯಜಮಾನರ ಮುಂದೆ ಹೋಯಿತು. ಅವರು ಇಬ್ಬರ ಮಾತನ್ನೂ ಕೇಳಿ ನನ್ನ ಕಡೆ ತಿರುಗಿದರು.

“ಐವತ್ತು ದೊಡ್ಡದೋ ಮೂವತ್ತು ದೊಡ್ಡದೋ?”

“ಅದು ಬರೀ ದಪ್ಪದ ಲೆಕ್ಕ ಯಜಮಾನ್ರೇ. ದಪ್ಪ ಇದ್ದ ಮಾತ್ರಕ್ಕೆ ಒಳ್ಳೇದಲ್ಲ.”

“ನೀನು ಓದಿದೋನು. ಮೂವತ್ತು ಬಂದ್ರೆ ನಿಮ್ಮ ಕಾಲೇಜಿನಾಗೆ ಪಾಸು ಮಾಡ್ತಾರೇನಪ್ಪಾ?”

“ಇಲ್ಲ. ಮೂವತ್ತೈದು ಬೇಕು.”

“ನೋಡು ಮತ್ತೆ!”

ನಾನು ಬಗ್ಗಲಿಲ್ಲ. ಬೇರೆ ಎಣ್ಣೆ ಹಾಕುವುದಾದರೆ ನನ್ನ ಕೈಯಿಂದ ಕೊಡುವುದಿಲ್ಲ ಎಂದೆ. ಮೇಸ್ತ್ರಿಯೂ ಬಗ್ಗಲಿಲ್ಲ. ಈ ರಸಂ ಹಾಕುವುದಾದರೆ ಸಂಗನ್ನು ಈಗಲೇ ಕಿತ್ತು ಗುಜರಿಗೆ ಹಾಕೋಣ, ಹೇಗೂ ಆರು ತಿಂಗಳಲ್ಲಿ ಹೋಗುತ್ತದೆ ಎಂದರು.

ಯಜಮಾನರು ತೀರ್ಪು ಕೊಟ್ಟರು. “ಹತ್ತು ಸಾವಿರ ಮೈಲಿ ನಿನ್ನೆಣ್ಣೇಲಿ ಓಡ್ಲಿ. ಆಮೇಲೆ ಎಲ್ಲಾರ ಮುಂದೆ ಸಂಗು ಬಿಚ್ಚೋಣ. ಬೇರಿಂಗು ಹೋಗಿದ್ರೆ ಸಂಗೂ ಹೋಗ್ಲಿ, ನೀನೂ ಹೋಗು.”

“ಇಂಜಿನ್ನಿನ ಪರೀಕ್ಷೆಗೆ ನನ್ನನ್ನು ಫೇಲ್ ಮಾಡೋದು ಯಾವ ನ್ಯಾಯ ಯಜಮಾನ್ರೇ?”

“ಅದುಕ್ಕೆ ಬರಿಯಾಕೆ ಬರಲ್ಲ ಕಣಪ್ಪಾ. ನಿಂಗೆ ಬತ್ತೈತೆ.”

ನಾನು ಎಣ್ಣೆ ಡ್ರಮ್ಮಿಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೆ.

ತಂಪು

ತುಂಬಿದ ಲಾರಿ ಏರು ಹತ್ತಿದರೆ ಸಂಗು ಕೆಂಪಗೆ ಕಾಯುತ್ತದೆ. ಅದು ಅದರ ಸ್ವಭಾವ. ಒಂದು ದಿನ ಲಾರಿ ಹಾಗೆಯೇ ಷೆಡ್ಡಿಗೆ ಬಂತು. ಬಾನೆಟ್ ಎತ್ತಿದಾಗ ಯಜಮಾನರ ತಾಯಿ ಅಲ್ಲಿದ್ದರು. ಅವರ ಮನೆ ಷೆಡ್ಡಿನ ಹಿಂದೆಯೇ.

ಮರುದಿನ ಬೆಳಗ್ಗೆ ಒಂದು ತಂಬಿಗೆ ಹಿಡಿದು ಬಂದರು. ಮನೆಯಲ್ಲೇ ಕಾಯಿಸಿ ತೆಗೆದ ಹರಳೆಣ್ಣೆ.

“ಅದುಕ್ಕೆ ಮೈಯೆಲ್ಲ ಉಷ್ಣ ಆಗೈತೆ. ಇದು ಹಾಕು, ತಂಪಾಗ್ತೈತೆ.”

“ಹರಳೆಣ್ಣೆ ಹಾಕಬಾರದಮ್ಮ.”

“ಯಾಕೆ ಹಾಕಬಾರ್ದು? ನಮ್ಮಪ್ಪ ಗಾಡಿ ಅಚ್ಚಿಗೆ ಇದನ್ನೇ ಹಾಕ್ತಿದ್ದ.”

“ಅದು ಎತ್ತಿನ ಗಾಡಿ. ಇಲ್ಲಿ ಅಷ್ಟು ಶಾಖಕ್ಕೆ ಹರಳೆಣ್ಣೆ ಗೋಂದಾಗುತ್ತೆ.”

“ನಿಂಗೆ ಎಷ್ಟು ವರ್ಷ?”

“ಇಪ್ಪತ್ತೆರಡು.”

“ನಾನು ಎಪ್ಪತ್ತು ವರ್ಷದಿಂದ ಹಚ್ಕೊಂಡಿದೀನಿ. ಗೋಂದಾಗಿದೀನಾ?”

ಮೇಸ್ತ್ರಿ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಆ ಕಾಲುಗಳು ನಗುತ್ತಿದ್ದವು.

ನಾನು ಎಣ್ಣೆ ಹುಯ್ಯುವ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತೆ. ಕಾಲು ಗಂಟೆ ವಾದವಾಯಿತು. ನನ್ನ ದನಿ ಸ್ವಲ್ಪ ಏರಿರಬೇಕು. ಅಮ್ಮ ನನ್ನ ಮುಖವನ್ನೇ ನೋಡುತ್ತ ತಣ್ಣಗೆ ಅಂದರು: “ಗಾಡಿಗಲ್ಲ, ಉಷ್ಣ ಆಗಿರೋದು ನಿಂಗೆ.” ತಂಬಿಗೆ ಎತ್ತಿ ನನ್ನ ನೆತ್ತಿಗೆ ಸುರಿದರು. ಮೇಲಿಂದ ಎರಡು ಸಲ ತಟ್ಟಿದರು.

ಆ ದಿನ ನನ್ನ ರಿಜಿಸ್ಟರಿನಲ್ಲಿ ಹೀಗೆ ಬರೆದೆ: ‘ಹರಳೆಣ್ಣೆ — ಇಂಜಿನ್ನಿಗೆ ಇಲ್ಲ. ಸ್ಟೋರಿನವರಿಗೆ ಒಂದು ತಂಬಿಗೆ.’

ಒಗೆದ ನೀರು

ಹೊಸ ಎಣ್ಣೆ ಹಾಕಿ ಹದಿನೈದು ದಿನಕ್ಕೆ ಅದು ಮಸಿಯಂತೆ ಕಪ್ಪಾಯಿತು. ಮೇಸ್ತ್ರಿ ಒಂದು ತೊಟ್ಟನ್ನು ಅಂಗೈಯಲ್ಲಿಟ್ಟುಕೊಂಡು, ಆರತಿಯ ತಟ್ಟೆ ಹಿಡಿದವರಂತೆ ಯಜಮಾನರ ಬಳಿಗೆ ಹೋದರು. ಇನ್ನೊಂದು ಅಂಗೈಯಲ್ಲಿ ಹಳೆಯ ಲಾರಿಯ ಐವತ್ತನೇ ನಂಬರ್ ಎಣ್ಣೆ. ಅದು ಎರಡು ತಿಂಗಳಾದರೂ ಜೇನುತುಪ್ಪದ ಬಣ್ಣದಲ್ಲೇ ಇತ್ತು.

“ನೋಡಿ ಸಾಮಿ. ಇದು ನಂದು. ಇದು ಬಿಎಸ್ಸಿದು.”

ನನ್ನನ್ನು ಕರೆಸಿದರು. ನಾನು ವಿವರಿಸಿದೆ. ಎರಡು ಇಂಜಿನ್ನಿನಲ್ಲೂ ಮಸಿ ಹುಟ್ಟುತ್ತದೆ. ಮೇಸ್ತ್ರಿಯ ಎಣ್ಣೆ ಅದನ್ನು ಇಂಜಿನ್ನಿನೊಳಗೇ ಮೆತ್ತಲು ಬಿಡುತ್ತದೆ. ನನ್ನದು ತೊಳೆದು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಕಪ್ಪಾಗುವುದೇ ಅದರ ಕೆಲಸ, ಮೂರು ತಿಂಗಳಿಗೊಮ್ಮೆ ಬದಲಿಸಿದರಾಯಿತು.

ಯಜಮಾನರಿಗೆ ಅರ್ಥವಾಗಲಿಲ್ಲವೆಂದು ತೋರಿತು. ಒಂದು ಹೋಲಿಕೆ ಕೊಟ್ಟೆ.

“ಈಗ ಸೋಪು ಹಾಕಿ ಬಟ್ಟೆ ಒಗೀತೀವಿ. ನೀರು ಕಪ್ಪಾಯ್ತು. ಸೋಪು ಕೆಟ್ಟದ್ದು ಅಂತೀರಾ?”

“ಇಲ್ಲ. ಕೊಳೆ ಬಿಡ್ತು ಅಂತೀವಿ.”

“ಇದೂ ಹಾಗೇ.”

ಯಜಮಾನರು ತಲೆದೂಗಿದರು. ಗೆದ್ದೆನೆಂದುಕೊಂಡು ಬಾಗಿಲವರೆಗೆ ಬಂದೆ.

“ಏಯ್ ಬಿಎಸ್ಸಿ, ಬಾರಪ್ಪಾ ಇಲ್ಲಿ. ಬಟ್ಟೆ ಒಗ್ದ ನೀರ್ನ ಯಾವನಾದ್ರೂ ಮೂರು ತಿಂಗ್ಳು ಅದೇ ಬಟ್ಟೆಗೆ ಹಾಕ್ತಾನೇನ್ಲಾ?”

ಅಂದಿನಿಂದ ನಾನು ಹೋಲಿಕೆ ಕೊಡುವುದನ್ನು ನಿಲ್ಲಿಸಿದೆ. ಎಣ್ಣೆಯನ್ನು ಮಾತ್ರ ನಿಲ್ಲಿಸಲಿಲ್ಲ.

ಒಂದು ಬೀಡಿ

ಬಿಸಿ ಸಂಗು ಇರುವ ಇಂಜಿನ್ನನ್ನು ಥಟ್ಟನೆ ನಿಲ್ಲಿಸಬಾರದು. ನಿಲ್ಲಿಸಿದರೆ ಬೇರಿಂಗಿನಲ್ಲಿರುವ ಎಣ್ಣೆ ಅಲ್ಲೇ ಕಾದು ಕರಿಕಟ್ಟುತ್ತದೆ. ಗಾಡಿ ನಿಂತ ಮೇಲೆ ಮೂರು ನಿಮಿಷ ಇಂಜಿನ್ ಸುಮ್ಮನೆ ಓಡುತ್ತಿರಬೇಕು. ಎಣ್ಣೆ ಎಷ್ಟೇ ಒಳ್ಳೆಯದಿರಲಿ, ಈ ಮೂರು ನಿಮಿಷ ತಪ್ಪಿದರೆ ನಾನೂ ಸಂಗೂ ಮನೆಗೆ.

ಆ ಲಾರಿಯ ಡ್ರೈವರ್ ಬಳಿ ಗಡಿಯಾರವಿರಲಿಲ್ಲ. ಅವನು ಬಂಗಾರಪೇಟೆ ಪಕ್ಕದ ಹಳ್ಳಿಯವನು, ತುಂಬ ವಿಧೇಯ. ಮೂರು ನಿಮಿಷಕ್ಕೆ ಅವನಿಗೆ ತಿಳಿಯುವ ಅಳತೆ ಬೇಕಾಗಿತ್ತು. ನಾನು ಷೆಡ್ಡಿನ ಐದು ಜನರಿಗೆ ಬೀಡಿ ಸೇದಿಸಿ ಗಡಿಯಾರ ನೋಡಿದೆ. ಸರಾಸರಿ ಮೂರು ನಿಮಿಷ ಹತ್ತು ಸೆಕೆಂಡು.

“ಗಾಡಿ ನಿಲ್ಲಿಸಿದ ಮೇಲೆ ಒಂದು ಬೀಡಿ. ಬೀಡಿ ಮುಗಿದ ಮೇಲೆ ಇಂಜಿನ್ ಆಫ್,” ಎಂದೆ.

“ಆಗ್ಲಿ ಸ್ವಾಮಿ,” ಎಂದ.

ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ನನ್ನ ವಿಧಾನದ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಆಮೇಲೆ ಅವನ ಹೆಂಡತಿ ಷೆಡ್ಡಿಗೆ ಬಂದಳು.

“ಇಲ್ಲಿ ಬಿಎಸ್ಸಿ ಅನ್ನೋರು ಯಾರು?”

“ನಾನೇ.”

“ನಮ್ಮನೆಯೋರು ಹುಟ್ಟಿದಾಗಿಂದ ಬೀಡಿ ಮುಟ್ಟಿದೋರಲ್ಲ. ಈಗ ದಿನಕ್ಕೆ ಎಂಟು ಸೇದ್ತಾರೆ. ಕೇಳಿದ್ರೆ ಬಿಎಸ್ಸಿ ಸ್ವಾಮಿ ಡೂಟಿ ಹಾಕವ್ರೆ ಅಂತಾರೆ.”

ಡ್ರೈವರನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

“ಸೇದಲ್ಲ ಅಂತ ಯಾಕಯ್ಯಾ ಹೇಳಲಿಲ್ಲ?”

“ನೀವು ಕೇಳ್ನಿಲ್ಲ ಸ್ವಾಮಿ.”

ಇಂಜಿನ್ನಿನ ಒಳಿತಿಗಾಗಿ ಹೀಗೆ ಮಾಡಬೇಕಾಯಿತು ಎಂದು ಆಕೆಗೆ ಹೇಳಿದೆ.

“ಹೊಗೆ ಬುಡೋದು ಇಂಜಿನ್ ಕೆಲ್ಸ. ಅದುಕ್ಕೂ ನಮ್ಮನೆಯೋರೇ ಬೇಕಾ?” ಎಂದಳು.

ಎರಡು ಸಂಗು

ಗಣಿಯ ಪಾಳಿ ಬದಲಾಗುವಾಗ ಕೂಗುವ ಸೈರನ್ನಿಗೂ ಆ ಕಡೆ ಸಂಗು ಎಂದೇ ಹೆಸರು. ನಮ್ಮ ಲಾರಿಯ ಸಂಗು ಗಣಿ ದಾರಿಯ ಉರಿಗಾಂ ಏರಿನಲ್ಲಿ ಜೋರಾಗಿ ಶಿಳ್ಳೆ ಹಾಕತೊಡಗಿದಾಗ ತೊಂದರೆ ಶುರುವಾಯಿತು.

ಏರಿನ ತುದಿಯಲ್ಲಿ ಒಂದು ಟೀ ಅಂಗಡಿ. ಅಂಗಡಿಯವರು ಗಣಿಯ ಸಂಗು ಕೂಗಿದೊಡನೆ ಬಾಣಲೆಗೆ ವಡೆ ಬಿಡುತ್ತಿದ್ದರು. ಕಾರ್ಮಿಕರು ಮೇಲೆ ಬಂದು ಅಂಗಡಿ ತಲುಪುವ ಹೊತ್ತಿಗೆ ಬಿಸಿ ವಡೆ. ನಮ್ಮ ಲಾರಿ ಅರ್ಧ ಗಂಟೆ ಮೊದಲೇ ಆ ದಾರಿಯಲ್ಲಿ ಬರುತ್ತಿತ್ತು. ಎರಡು ದಿನ ವಡೆಯೆಲ್ಲ ತಣ್ಣಗಾಯಿತು. ಮೂರನೇ ದಿನ ಅವರು ತಣ್ಣನೆಯ ವಡೆಯ ತಟ್ಟೆ ಹಿಡಿದು ರಸ್ತೆಯ ಮಧ್ಯೆ ನಿಂತು ಲಾರಿ ತಡೆದರು.

ಮೇಸ್ತ್ರಿ ಕಾಯುತ್ತಿದ್ದದ್ದೇ ಇದಕ್ಕೆ. “ರಸಂ ಹಾಕಿದ್ರೆ ಕೂಗದೆ ಏನು ಮಾಡ್ತದೆ ತಂಬಿ? ಬೇರಿಂಗು ಅಳ್ತಾ ಇದೆ.”

ನನಗೂ ಹೆದರಿಕೆಯಾಯಿತು. ಒಂದು ದಿನ ಪೂರ್ತಿ ಹುಡುಕಿದೆ. ಬೇರಿಂಗ್ ಅಲ್ಲ. ಹೊಗೆ ಕೊಳವೆಯ ಜೋಡಣೆಯಲ್ಲಿ ಪ್ಯಾಕಿಂಗ್ ಸುಟ್ಟು ಗಾಳಿ ಸೋರುತ್ತಿತ್ತು. ಹೊಸ ಪ್ಯಾಕಿಂಗ್ ಹಾಕಿಸಿದೆ. ಶಿಳ್ಳೆ ನಿಂತಿತು. ಅದನ್ನು ಹೇಳಲು ನಾನೇ ಲಾರಿಯಲ್ಲಿ ಕೂತು ಉರಿಗಾಂಗೆ ಹೋದೆ. ಅಂಗಡಿಯವರು ಇನ್ನೂ ಸಿಟ್ಟಿನಲ್ಲಿದ್ದರು.

“ಈಗೇನಣ್ಣಾ? ಶಿಳ್ಳೆ ನಿಂತಿದೆಯಲ್ಲ.”

“ಅದೇ ತಂಬಿ ತೊಂದ್ರೆ. ನಿನ್ನೆ ಗಣಿ ಸಂಗು ಕೂಗ್ತು. ಲಾರಿ ಅಂದ್ಕೊಂಡು ಸುಮ್ನೆ ಕೂತೆ. ಮುನ್ನೂರು ಜನ ಬಂದ್ರು. ಒಂದು ವಡೆ ಇರ್ಲಿಲ್ಲ!”

ಬಿಚ್ಚಿದ ದಿನ

ಜುಲೈ ಮೊದಲ ವಾರ ಹತ್ತು ಸಾವಿರ ಮೈಲಿ ಮುಗಿಯಿತು. ಬೆಳಗ್ಗೆ ಎಲ್ಲರೂ ಸೇರಿದರು. ಯಜಮಾನರು ಕುರ್ಚಿ ಹಾಕಿಸಿಕೊಂಡರು. ಅವರ ತಾಯಿ ಹಿತ್ತಲ ಬಾಗಿಲಲ್ಲಿ ನಿಂತರು. ನಾನು ನನ್ನ ಟ್ರಂಕನ್ನು ಹಿಂದಿನ ದಿನವೇ ಕಟ್ಟಿಟ್ಟಿದ್ದೆ. ಹೆದರಿ ಅಲ್ಲ. ಹೋಗಬೇಕಾಗಿ ಬಂದರೆ ಒಂದು ನಿಮಿಷವೂ ಅಲ್ಲಿ ನಿಲ್ಲಬಾರದೆಂದು.

ಮೇಸ್ತ್ರಿ ತಾವೇ ಬಿಚ್ಚಿದರು. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡಿದ್ದರು. ಗುಜರಿಗೆ ಒಯ್ಯಲು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಕೆಲಸ ಮಾತ್ರ ಅಚ್ಚುಕಟ್ಟು. ಒಂದೊಂದು ನಟ್ಟನ್ನೂ ಒರೆಸಿ ಸಾಲಾಗಿ ಇಟ್ಟರು.

ಒಳಗಿನ ಚಕ್ರ ಕಾಣಿಸಿತು. ಮೇಸ್ತ್ರಿ ಒಂದು ಬೆರಳಿನಿಂದ ಅದನ್ನು ತಳ್ಳಿದರು. ಚಕ್ರ ಸದ್ದಿಲ್ಲದೆ ತಿರುಗಿತು. ತಿರುಗುತ್ತಲೇ ಇತ್ತು. ಅಲುಗಿಸಿ ನೋಡಿದರು. ಬೇರಿಂಗ್ ತೆಗೆದು ಬಿಸಿಲಿಗೆ ಹಿಡಿದರು. ಹೊಸದರಂತೆ ಹೊಳೆಯಿತು. ಕರಿ ಇಲ್ಲ, ಗೀರು ಇಲ್ಲ.

“ಏನ್ ಮೇಸ್ತ್ರಿ?” ಎಂದರು ಯಜಮಾನರು.

ಮೇಸ್ತ್ರಿ ಸುಳ್ಳು ಹೇಳುವವರಲ್ಲ. “ನಲ್ಲಾ ಇರುಕ್ಕು ಸಾಮಿ. ತುಂಬಾ ಚೆನ್ನಾಗೈತೆ.”

ಹದಿಮೂರು ತಿಂಗಳಿಂದ ಸಿದ್ಧಪಡಿಸಿದ ಭಾಷಣ ನನ್ನ ಬಾಯಲ್ಲಿತ್ತು. ಮೂವತ್ತನೇ ನಂಬರಿನಿಂದಲೇ ಬೇರಿಂಗ್ ಉಳಿಯಿತು, ಇದು ಸಾಬೀತಾಯಿತು, ಇಂದಿನಿಂದ ನಾಲ್ಕೂ ಲಾರಿಗೆ ಇದೇ ಎಣ್ಣೆ ಎಂದು ಗಟ್ಟಿಯಾಗಿ ಹೇಳಿದೆ.

ಮೇಸ್ತ್ರಿ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದರು. ತಲೆ ಎತ್ತದೆ ಕೇಳಿದರು.

“ತಂಬಿ, ಒಂದು ಮಾತು. ಈ ಸಂಗಿಗೆ ನನ್ನ ಐವತ್ತು ಹಾಕಿ ಹತ್ತು ಸಾವಿರ ಮೈಲಿ ಓಡಿಸಿ ನೋಡಿದ್ರಾ?”

“ಇಲ್ಲ.”

“ಬೇರೆ ಸಂಗಿಗೆ ಹಾಕಿ ನೋಡಿದ್ರಾ?”

“ಬೇರೆ ಸಂಗು ಎಲ್ಲಿದೆ?”

“ಹಾಗಾದ್ರೆ ಮೂವತ್ತರಿಂದ ಉಳೀತು ಅಂತ ಹೆಂಗೆ ಗೊತ್ತಾಯ್ತು? ಐವತ್ತು ಹಾಕಿದ್ರೂ ಉಳೀತಿತ್ತೋ ಏನೋ. ಡ್ರೈವರ್ ಒಳ್ಳೆಯೋನು ಅಂತ ಉಳೀತೋ. ಬೇರಿಂಗೇ ಗಟ್ಟಿ ಅಂತ ಉಳೀತೋ. ಎರಡೂ ಹಾಕಿ ನೋಡ್ದೋನು ತಾನೇ ಹೇಳ್ಬೇಕು?”

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಇದೇ ಮಾತನ್ನು ಕಾಲೇಜಿನಲ್ಲಿ ನಮ್ಮ ಕೆಮಿಸ್ಟ್ರಿ ಲೆಕ್ಚರರು ಹೇಳಿ ನನ್ನ ನಾಲ್ಕು ಮಾರ್ಕು ಕಳೆದಿದ್ದರು. ಅವರು ಎಂ.ಎಸ್ಸಿ. ಮೇಸ್ತ್ರಿ ಮೂರನೇ ಕ್ಲಾಸು.

ಯಜಮಾನರು ನಕ್ಕು ನಕ್ಕು ಕುರ್ಚಿಯಿಂದ ಎದ್ದರು. “ಮೇಸ್ತ್ರಿ, ನೀವ್ಯಾಕೆ ಬಿಎಸ್ಸಿ ಓದ್ನಿಲ್ಲ?”

“ಓದಿದ್ರೆ ಕೆಲಸ ಯಾರು ಮಾಡ್ತಿದ್ರು ಸಾಮಿ?”

ಸಂಗು ಉಳಿಯಿತು. ನಾನೂ ಉಳಿದೆ. ಆ ಲಾರಿಗೆ ಮೂವತ್ತು, ಹಳೆಯ ಮೂರಕ್ಕೆ ಐವತ್ತು ಎಂದು ಯಜಮಾನರು ತೀರ್ಮಾನಿಸಿದರು. ಮೇಸ್ತ್ರಿ ಗೋಣಿಚೀಲವನ್ನು ಮಡಿಸಿ, ಕೂರಲು ಹಾಸಿಕೊಂಡದ್ದು ಎಂದರು.

ನಾನು ಸೋತೆನೆಂದು ಈಗಲೂ ಒಪ್ಪುವುದಿಲ್ಲ. ಎಣ್ಣೆ ಸರಿಯಾದದ್ದೇ. ಆದರೆ ಬರೆಯುವುದನ್ನು ಸರಿಯಾಗಿ ಬರೆಯಬೇಕು. ಆ ಸಂಜೆ ರಿಜಿಸ್ಟರು ತೆಗೆದು ತುಂಬಿಸಿದೆ. ಎಣ್ಣೆ: ಮೂವತ್ತನೇ ನಂಬರು. ಬೇರಿಂಗಿನ ಸವೆತ: ಇಲ್ಲ. ಪರೀಕ್ಷಿಸಿದ ಗಾಡಿಗಳು: ಒಂದು.