ಪಂಪು ಸರಿಯಾಗೇ ಇದೆ, ಸ್ವಾಮಿ

ಈಜುಕೊಳ ಕಟ್ಟಿಸಿದವರೆಲ್ಲರ ನಂಬಿಕೆ ಒಂದೇ: ಏನೇ ಕೆಟ್ಟರೂ ಕೆಟ್ಟಿದ್ದು ಪಂಪು, ಕೆಡಿಸಿದ್ದು ರಿಪೇರಿಯವನು. ಆ ರಿಪೇರಿಯವನು ನಾನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ದಾವಣಗೆರೆಯ ಪಂಪಿನ ಅಂಗಡಿಯೊಂದಕ್ಕೆ ಸೇರಿದವನು. ನೀರು ಕೆಳಕ್ಕೆ ಹರಿಯುತ್ತದೆ ಎಂದು ಜನರನ್ನು ಒಪ್ಪಿಸಲು ಆ ಪದವಿ ಇದುವರೆಗೆ ಸಾಕಾಗಿಲ್ಲ. ಈ ವರ್ಷ ಅಂಗಡಿಯ ಸಾಹುಕಾರರು ಮೊದಲೇ ಹೇಳಿಬಿಟ್ಟರು: “ಗಿರಾಕಿ ಕಡೆಯಿಂದ ಮೂರು ಕಂಪ್ಲೇಂಟ್ ತಡಕಂತೀನಿ. ನಾಲ್ಕನೇದು ಬಂದ್ರೆ ಟೂಲ್ ಬ್ಯಾಗ್ ಇಲ್ಲಿಟ್ಟು ಮನೆಗೆ ನಡಿ.”

ಹೊನ್ನಾಳಿ ಮರಳು

ಹೊನ್ನಾಳಿ ಹತ್ತಿರದ ರೆಸಾರ್ಟಿನಿಂದ ಫೋನ್ ಬಂತು. “ನಿಮ್ ಫಿಲ್ಟರ್ ನೀರು ಸೋಸೋ ಬದ್ಲು ಮಣ್ಣು ಕಾರ್ತೈತೆ.”

ಹೋಗಿ ನೋಡಿದರೆ ಕೊಳದ ತಳದಲ್ಲಿ ಮರಳಿನ ಹಾಸು. ಫಿಲ್ಟರಿನೊಳಗೆ ನಾವು ತುಂಬಿದ್ದ ದಪ್ಪ ಕಾಳಿನ ಮರಳು ಇರಲಿಲ್ಲ. ಗಾರೆ ಕೆಲಸಕ್ಕೆ ಜರಡಿ ಹಿಡಿದ ಸಣ್ಣ ಮರಳಿತ್ತು.

“ಇದನ್ನ ಯಾರು ಹಾಕಿದ್ದು?”

“ನಾನೇರೀ,” ಎಂದರು ಮಾಲೀಕರು ಹೆಮ್ಮೆಯಿಂದ. “ನಮ್ ತುಂಗಭದ್ರೆ ಮರಳಿಗೆ ಊರೂರಿಂದ ಲಾರಿ ಬರ್ತಾವೆ. ನಿಮ್ ಡಬ್ಬಿಗೆ ಆಗಂಗಿಲ್ವಾ?”

“ಸಣ್ಣದಾಯ್ತು ಸರ್. ಜಾಲರಿಯಿಂದ ಜಾರಿ ಕೊಳಕ್ಕೇ ಬರುತ್ತೆ. ಹಳೇ ಮರಳೆಲ್ಲಿ?”

ಅದು ಹೊಸ ತುಳಸಿಕಟ್ಟೆಯ ಗಾರೆಗೆ ಹೋಗಿತ್ತು. ತುಳಸಿಗೆ ಹಾಕಿದ ನೀರು ಕಟ್ಟೆಯ ಮೈಯಿಂದ ಜಿನುಗುತ್ತಿತ್ತು, ಬಹಳ ತಿಳಿಯಾಗಿ. ಆ ರೆಸಾರ್ಟಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಫಿಲ್ಟರ್ ಅದೊಂದೇ.

ಮೊದಲ ಕಂಪ್ಲೇಂಟ್: ನಾನು ಹೊಳೆಯ ಬಗ್ಗೆ ಹಗುರವಾಗಿ ಮಾತಾಡಿದೆನಂತೆ.

ನ್ಯಾಮತಿಯಲ್ಲಿ ವಿಸರ್ಜನೆ

ನ್ಯಾಮತಿಯ ಒಂದು ಖಾಸಗಿ ಶಾಲೆ. ಗಣೇಶನ ಹಬ್ಬ ಆಗಷ್ಟೇ ಮುಗಿದಿತ್ತು. ಕೊಳದ ಪಂಪು ಓಡುತ್ತದೆ, ನೀರು ಬರುವುದಿಲ್ಲ. ಪಂಪಿನ ಬುಟ್ಟಿ ಹೊರತೆಗೆದೆ. ಗರಿಕೆ, ಎಕ್ಕದ ಹಾರ, ಅರ್ಧ ಕಡುಬು.

“ಗಣಪತೀನ ಇಲ್ಲಿ ಬಿಟ್ರಾ?”

“ಗಾಬರಿ ಬ್ಯಾಡ್ರಿ,” ಎಂದರು ಹೆಡ್‌ಮಾಸ್ಟರು. “ಪಿಒಪಿ ಅಲ್ಲ, ಪರಿಸರಸ್ನೇಹಿ. ಪೂರ್ತಿ ಕರಗೋ ಮಣ್ಣು. ಒಂದ್ ಚೂರು ಉಳಿದಿಲ್ಲ, ನೋಡ್ರಿ.”

“ಕರಗಿದ್ದು ಎಲ್ಲಿಗೆ ಹೋಯ್ತು?”

ಆ ಶಾಲೆಯಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ವಿಜ್ಞಾನದ ಮೇಷ್ಟರೂ ಅಲ್ಲೇ ನಿಂತಿದ್ದರು.

ಫಿಲ್ಟರ್ ತೊಳೆಯಲು ವಾಲ್ವ್ ತಿರುಗಿಸಿ ನೀರನ್ನು ಉಲ್ಟಾ ಹರಿಸಿದೆ. ಹೊರಗಿನ ಪೈಪಿನಿಂದ ಕೆಂಪು ನೀರು ಧುಮುಕಿತು. ಒಬ್ಬ ಟೀಚರ್ ಚಪ್ಪಲಿ ಬಿಟ್ಟು ಕೈಮುಗಿದರು. ಅವರನ್ನು ನೋಡಿ ಉಳಿದವರೂ ಮುಗಿದರು. ಯಾರೋ “ಮೋರಯಾ” ಎಂದೂ ಕೂಗಿದರು.

ಎರಡನೇ ಕಂಪ್ಲೇಂಟ್: ವಿಸರ್ಜನೆಯ ಹೊತ್ತಿನಲ್ಲಿ ರಿಪೇರಿಯವನು ಬೂಟು ಬಿಟ್ಟಿರಲಿಲ್ಲ.

ಜಗಳೂರು

ಜಗಳೂರಿನಲ್ಲಿ ಕಂಟ್ರಾಕ್ಟರೊಬ್ಬರ ತೋಟದ ಮನೆ. ಕೊಳದ ನೀರು ಪಾಚಿಗಟ್ಟಿ ಹಸಿರಾಗಿತ್ತು. ಫಿಲ್ಟರಿನ ಮೇಲಿನ ಮೀಟರಿನ ಮುಳ್ಳು ಕೊನೆ ಮುಟ್ಟಿ ನಿಂತಿತ್ತು.

“ಪ್ರೆಷರ್ ನೋಡ್ರಿ, ಹೆಂಗೈತೆ!” ಎಂದರು ಕಂಟ್ರಾಕ್ಟರು.

“ಅದು ಶಕ್ತಿ ಅಲ್ಲ ಸರ್, ಫಿಲ್ಟರ್ ಕಟ್ಟಿಕೊಂಡಿದೆ. ಯಾವಾಗ ತೊಳೆದದ್ದು?”

“ತೊಳೆದ್ರೆ ನೀರು ಹೊರಗ್ ಹೋಗ್ತೈತಲ್ರೀ. ಅದಕ್ಕೇ ತೊಳದೇ ಇಲ್ಲ.”

ವಾಲ್ವ್ ತಿರುಗಿಸಿದೆ. ಕೊಳೆನೀರು ಹೊಲದ ಕಡೆ ನುಗ್ಗುತ್ತಿದ್ದಂತೆ ಅವರ ತಾಯಿ ಓಡಿ ಬಂದರು.

“ಏಯ್ ತಮ್ಮಾ, ನಿಲ್ಸೋ! ನೀರು ಚೆಲ್ಲಾಕೆ ದಾವಣಗೆರೆಯಿಂದ ಬಂದೀಯೇನು?”

“ಅಜ್ಜಿ, ಇದು ಫಿಲ್ಟರ್ ತೊಳೆಯೋ ನೀರು.”

“ಮೈ ತೊಳಿಯಾಕೆ ಒಂದ್ ಗುಂಡಿ ನೀರು. ಆ ನೀರು ತೊಳಿಯಾಕೆ ಈ ಡಬ್ಬಿ. ಈ ಡಬ್ಬಿ ತೊಳಿಯಾಕೆ ಮತ್ತೆ ನೀರಾ? ಒಂದ್ ಚೊಂಬು ಸಾಕಾಗಿತ್ತಲ್ಲೋ!”

ಇಡೀ ವರ್ಷ ನಾನು ಕೇಳಿದ ಒಂದೇ ತರ್ಕಬದ್ಧ ಮಾತು. ಮೂರನೇ ಕಂಪ್ಲೇಂಟ್ ಈ ಅಜ್ಜಿಯದೇ. ಅದಕ್ಕೆ ನನ್ನದೂ ಒಪ್ಪಿಗೆ ಇತ್ತು.

ಚನ್ನಗಿರಿ, ಆಗ್ನೇಯ ಮೂಲೆ

ಇನ್ನು ಒಂದೇ ಒಂದು ದೂರು ಬಂದರೆ ಕೆಲಸ ಹೋಗುತ್ತದೆ. ಹಾಗಾಗಿ ಚನ್ನಗಿರಿಗೆ ಬಾಯಿ ಬಿಗಿಹಿಡಿದುಕೊಂಡೇ ಹೋದೆ. ಅಡಿಕೆ ಮಂಡಿ ಯಜಮಾನರೊಬ್ಬರ ಹೊಸ ಮನೆ. ಪಂಪು ಬರೀ ಕೂಗುತ್ತದೆ, ನೀರು ಎಳೆಯುವುದಿಲ್ಲ. ನಾನು ಅದನ್ನು ಕೂರಿಸಿದ್ದು ಕೊಳದ ಪಕ್ಕದ ತಗ್ಗು ಕೋಣೆಯಲ್ಲಿ. ಈಗ ಅಲ್ಲಿರಲಿಲ್ಲ. ಕಾರ್ ಶೆಡ್ಡಿನ ತಾರಸಿ ಮೇಲಿತ್ತು.

“ವಾಸ್ತುನೋರು ಹೇಳಿದ್ರು,” ಎಂದರು ಯಜಮಾನರು. “ಕರೆಂಟಿನ ಸಾಮಾನು ಆಗ್ನೇಯಕ್ಕೆ ಇರ್ಬೇಕಂತೆ. ಆಗ್ನೇಯದಾಗೆ ಶೆಡ್ ಐತೆ. ಅದಕ್ಕೇ ಅದ್ರ ಮ್ಯಾಲೆ.”

“ಕೆಳಗಿಳಿಸಿ ಸರ್, ಎಲ್ಲ ಸರಿಹೋಗುತ್ತೆ.”

“ಇಳಿಸಾಕೆ ಆಗಲ್ರೀ. ಅದು ಮೇಲಕ್ಕೆ ಹೋದ ಮ್ಯಾಲೆ ಅಡಿಕೆ ರೇಟೂ ಮೇಲಕ್ಕೆ ಹೋಗೈತೆ.”

ನಾನು ಹಲ್ಲು ಕಚ್ಚಿಕೊಂಡು ನಿಧಾನವಾಗಿ ವಿವರಿಸಿದೆ. ಈ ಪಂಪು ಅಷ್ಟು ಎತ್ತರಕ್ಕೆ ನೀರು ಎಳೆಯುವುದಿಲ್ಲ. ಕೊಳದ ನೀರಿಗಿಂತ ಅದು ಕೆಳಗಿರಬೇಕು.

ಯಜಮಾನರು ಒಮ್ಮೆ ಕೊಳ ನೋಡಿದರು, ಒಮ್ಮೆ ತಾರಸಿ ನೋಡಿದರು. “ಅಂದ್ರೆ ನೀರು ಮೇಲಿರ್ಬೇಕು, ಪಂಪು ಕೆಳಗಿರ್ಬೇಕು?”

“ಹೌದು ಸರ್!” ಕೊನೆಗೂ ಒಬ್ಬರಿಗೆ ಅರ್ಥವಾಯಿತು ಎಂದುಕೊಂಡೆ.

“ಹಂಗಾದ್ರೆ ಪೂಲ್ ಎತ್ತರಿಸ್ರಿ.”

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನನ್ನೆದುರಿಗೇ ಸಾಹುಕಾರರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. “ನಿಮ್ ಹುಡುಗ ನಾನ್ ಹೇಳಿದ್ದಕ್ಕೆ ನಗ್ತಾನೆ.”

ನಾಲ್ಕನೇದು. ಟೂಲ್ ಬ್ಯಾಗಿನ ಜಿಪ್ ಎಳೆದೆ. ಹೇಗೂ ಕೆಲಸ ಹೋಯಿತು, ಹೇಳುವುದನ್ನಾದರೂ ಹೇಳೋಣವೆಂದು ಫೋನಿನತ್ತ ಬಗ್ಗಿ ಕಿರುಚಿದೆ: “ಸರ್, ಪಂಪು ಶೆಡ್ಡಿನ ನೆತ್ತಿ ಮೇಲಿದೆ. ಅದಕ್ಕಿಂತ ಎತ್ತರಕ್ಕೆ ಇಡೀ ಈಜುಕೊಳ ಎತ್ತಬೇಕಂತೆ! ಈಗ ನೀವೇ ಹೇಳಿ!”



“ಲೇ, ಅದು ಕಂಪ್ಲೇಂಟ್ ಅಲ್ಲೋ,” ಎಂದರು ಸಾಹುಕಾರರು. “ಆರ್ಡರ್. ಟೇಪ್ ಹಿಡಿ, ಅಳತೆ ತಗಂಡು ಬಾ.”