ಬೋಗುಣಿ ಅಳತೆಯ ಟೊಪ್ಪಿಗೆ

ಗಜೇಂದ್ರಗಡದಲ್ಲಿ ಚರಿತ್ರೆಗೆ ಸೇರಬೇಕಾದ ಸಂಗತಿಗಳು ಎರಡು. ಒಂದು, ಗುಡ್ಡದ ಮೇಲಿನ ಕೋಟೆ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇನ್ನೊಂದು, ಕಳೆದ ಚಳಿಗಾಲದ ಒಂದು ಭಾನುವಾರ ನೇಕಾರ ಮೆಹಬೂಬಸುಭಾನಿ ಹೆಣೆದ ನೀಲಿ ಉಣ್ಣೆಯ ಟೊಪ್ಪಿಗೆ. ಇದರ ಬಗ್ಗೆ ಈವರೆಗೆ ಒಂದು ಸಾಲೂ ದಾಖಲಾಗಿಲ್ಲ.

ಅವನು ಟೊಪ್ಪಿಗೆ ಹೆಣೆಯಬೇಕಾಗಿ ಬಂದದ್ದಕ್ಕೆ ಕಾರಣ, ಅವನ ಹೆಂಡತಿ ಖಾಜಾಬಿಯ ಬಾಯಿ. ಮಗಳು ನಾಜಮೀನಳನ್ನು ಹೊಳೆಆಲೂರಿನ ಇಮಾಮಸಾಬರ ಮಗನಿಗೆ ಕೊಡುವ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಇಮಾಮಸಾಬರು ಬಂದು ಹೂಂ ಅನ್ನುವುದೊಂದೇ ಬಾಕಿ. ಫೋನಿನಲ್ಲಿ ಹುಡುಗನ ತಾಯಿ, "ನಮ್ಮ ಹಿರೀ ಸೊಸಿ ರೊಟ್ಟಿ ಬಡದ್ರ ಹುಣ್ಣಿವಿ ಚಂದ್ರಾಮ ಇದ್ದಂಗ್ರಿ," ಎಂದಳು. ಖಾಜಾಬಿ ಸುಮ್ಮನಿರಬಹುದಿತ್ತು. ಇರಲಿಲ್ಲ.

"ನಮ್ಮ ನಾಜಮೀನ ಉಣ್ಣೀ ಟೊಪಗಿ ಹೆಣಿತಾಳ್ರಿ, ಮೈತುಂಬ ಗುಳ್ಳಿ ಇರೂವಂಥಾದ್ದು! ಐತವಾರ ಬರ್ತಾರಲ್ಲ, ಬೀಗರ ತಲಿಗೆ ಒಂದು ತಯಾರ ಇರ್ತೈತಿ."

ನಾಜಮೀನ ರೋಣದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸದವಳು. ಆಕೆಗೆ ಗೊತ್ತಿದ್ದ ಸೂಜಿ ಒಂದೇ. ಅದನ್ನು ಕಂಡರೆ ತಾಲ್ಲೂಕಿನ ಮೀಸೆ ಹೊತ್ತ ಗಂಡಸರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ಅಮ್ಮೀ, ಫೋನ್ ಮಾಡಿ ಖರೇ ಹೇಳಿಬಿಡು," ಎಂದಳು ಆಕೆ.

"ಈಗ ಖರೇ ಹೇಳಿದ್ರ ಆವಾಗ ಸುಳ್ಳ ಹೇಳಿದೆ ಅಂತ ಆಗ್ತೈತಿ," ಎಂದಳು ಖಾಜಾಬಿ.

ತಾಯಿ ಮಗಳು ಇಬ್ಬರೂ ಮೆಹಬೂಬಸುಭಾನಿಯ ಕಡೆ ತಿರುಗಿದರು. ಅವನ ತಪ್ಪು ಇಷ್ಟೇ: "ಮೂವತ್ತ ವರ್ಷ ಸೀರಿ ನೇದೇನಿ, ನೂಲ ಅಂದ್ರ ನನ್ನ ಕೈಯಾಗ ಸಾಕಿದ ಬೆಕ್ಕ ಇದ್ದಂಗ," ಎಂದು ಎಂದೋ ಒಂದು ದಿನ ಜಂಬ ಕೊಚ್ಚಿದ್ದ.

"ಒಂದ ದಿನದ ಮಾತ. ಸಂಬಂಧ ಪಕ್ಕಾ ಆಗೂದ ತಡ, ಈ ಸೂಜಿ ಕೋಟೀ ಮ್ಯಾಲಿಂದ ಒಗದು ಬರ್ತೀನಿ," ಎಂದು ಆಣೆ ಮಾಡಿ, ಭಾನುವಾರ ಬೆಳಿಗ್ಗೆ ಆರಕ್ಕೇ ಅವನು ಮಗ್ಗದ ಕುಣಿಯಲ್ಲಿ ಇಳಿದು ಕುಳಿತ. ಕುಣಿಯಲ್ಲಿ ಕುಳಿತರೆ ಅರ್ಧ ಮೈ ಮುಚ್ಚಿರುತ್ತದೆ. ಗಂಡಸು ಟೊಪ್ಪಿಗೆ ಹೆಣೆಯುವುದನ್ನು ಓಣಿಯ ಜನ ನೋಡಬಾರದಲ್ಲ. ಎದುರಿಗೆ ಮಗಳ ಮೊಬೈಲು. ಅದರಲ್ಲಿ ಒಬ್ಬಾಕೆ ಕೊಕ್ಕೆ ಸೂಜಿ ಹಿಡಿದು ಹಿಂದಿಯಲ್ಲಿ ಪಾಠ ಹೇಳುತ್ತಿದ್ದಳು. ಮೊದಲು ನೆತ್ತಿಯಲ್ಲಿ ಸಣ್ಣ ಉಂಗುರ, ಅದರ ಸುತ್ತ ಸುತ್ತು. ಪ್ರತಿ ಸುತ್ತಿಗೂ ಎಣಿಸಿ ಎಣಿಸಿ ಅಗಲ ಹೆಚ್ಚಿಸಬೇಕು. ಒಂದೇ ತೂತಿನಿಂದ ಐದು ಸಲ ಎಳೆ ತೆಗೆದು ಕೂಡಿಸಿ ಬಿಗಿದರೆ ಪುಟ್ಟದೊಂದು ಗುಳ್ಳೆ ಎದ್ದು ಕೂರುತ್ತದೆ.

ಇನ್ನು ಅಳತೆ. ಇಮಾಮಸಾಬರನ್ನು ಅವನು ನೋಡಿದ್ದು ಒಂದೇ ಸಲ, ಸವಡಿಯ ಒಂದು ಮದುವೆಯಲ್ಲಿ, ಬಗ್ಗಿ ಊಟ ಮಾಡುವಾಗ. ಆದರೆ ನೇಕಾರನ ಕಣ್ಣು. ಅಡುಗೆಮನೆಯನ್ನೆಲ್ಲ ಹುಡುಕಿ ದುಂಡು ತಳದ ಒಂದು ಬೋಗುಣಿ ತಂದು ಕವುಚಿ ಹಾಕಿದ.

"ಇದ ಅವರ ತಲಿ. ಕೂದಲಾ ಸೈತ ಇಷ್ಟ."

ಹತ್ತು ಗಂಟೆಗೆ ಬೋಗುಣಿಯ ನೆತ್ತಿಯ ಮೇಲೆ ಅರ್ಧ ಸೀತಾಫಲ ಕುಳಿತಂತಾಗಿತ್ತು. ನೆಟ್ಟಗಿನ ದಾರ ಒಳಗೆ ಹೋಗಿ ಗುಂಡಗೆ ಹೊರಬರುವ ಕೌತುಕಕ್ಕೆ ಅವನೇ ಬೆರಗಾಗಿ, ಪ್ರತಿ ಗುಳ್ಳೆಯನ್ನೂ ಒಮ್ಮೆ ಒತ್ತಿ ನೋಡಿ ಮುಂದೆ ಹೋಗುತ್ತಿದ್ದ. ಹಾಗೆ ಒತ್ತಿ ನೋಡುತ್ತಿದ್ದಾಗಲೇ ಉಣ್ಣೆಯ ಉಂಡೆ ಉರುಳಿ, ಹೊಸ್ತಿಲು ದಾಟಿ, ಓಣಿಗೆ ಇಳಿಯಿತು.

ಐದು ನಿಮಿಷಕ್ಕೆ ಪಕ್ಕದ ಮನೆಯ ಕರೆವ್ವ, ಬಾವಿಯಿಂದ ಹಗ್ಗ ಜಗ್ಗುವವರ ಹಾಗೆ ದಾರ ಜಗ್ಗುತ್ತ, ಅದರ ಬೆನ್ನು ಹತ್ತಿ ಒಳಗೆ ಬಂದಳು.

"ಸುಭಾನಣ್ಣಾ, ನಿಮ್ಮ ಉಂಡಿ ನಮ್ಮ ಕಟ್ಟೀ ಮಟಾ ಬಂದಿತ್ತು. ಮಗ್ಗಕ್ಕ ಉಣ್ಣಿ ಯಾವಾಗಿಂದ?"

ದಾರ ಟಪ್ಪೆಂದು ಹರಿಯಿತು. ಮೆಹಬೂಬಸುಭಾನಿಯ ಬೆರಳುಗಳು ಅವನನ್ನು ಕೇಳದೆಯೇ ಎರಡು ತುದಿ ಹಿಡಿದು, ತಿರುವಿ, ಗಂಟು ಹಾಕಿ, ಹಲ್ಲಿನಿಂದ ಕಡಿದುಬಿಟ್ಟವು.

"ಅದೇನು ಬೋಗುಣಿ ಮ್ಯಾಲ?"

"ಅಂಗಿ," ಎಂದ ಅವನು.

"ಬೋಗುಣಿಗೆ ಅಂಗಿ?"

"ಚಳಿಯೊಳಗ ಸಾರು ಆರಬಾರದಲ್ಲ."

ಕರೆವ್ವ ಗುಳ್ಳೆಯೊಂದನ್ನು ಒತ್ತಿ ನೋಡಿದಳು. "ಖರೇ ಐತಿ ಬಿಡ್ರಿ," ಎಂದು ಹೊರಟುಹೋದಳು. ಸುಳ್ಳನ್ನು ನಂಬಿದವರಷ್ಟು ಅಪಾಯಕಾರಿಗಳು ಯಾರೂ ಇಲ್ಲ. ಅರ್ಧ ತಾಸಿನಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು.

"ನಲವತ್ತೊಂಬತ್ತ, ಐವತ್ತ—" ಎಂದು ಅವನು ಎಳೆ ಎಣಿಸುತ್ತಿದ್ದ.

"ಅಣ್ಣಾ, ನಮ್ಮ ಚಾದ ಕಿಟ್ಲಿಗೂ ಒಂದ ಹಾಕ್ರಿ. ಮೂಗಿನ ಕಡೆ ಗುಂಡಿ ಇರ್ಲಿ."

"ನಲವತ್ತೆಂಟ, ನಲವತ್ತೊಂಬತ್ತ—"

"ನಮ್ಮ ಹಾಲಿನ ಪಾತೇಲಿ ತಂದೇನ್ರಿ. ಕೆಂಪಂದ ಉಣ್ಣಿ ಇಲ್ಲೇನು? ನೀಲಿ ನಮ್ಮ ಅತ್ತಿಗೆ ಆಗಿಬರೂದಿಲ್ಲ."

ಬಂದವರೆಲ್ಲ ಗಟ್ಟಿ ಇದೆಯೋ ಇಲ್ಲವೋ ಎಂದು ದಾರ ಜಗ್ಗಿ ನೋಡಿದರು. ಅದು ಇನ್ನೂ ಮೂರು ಕಡೆ ಹರಿಯಿತು. ಬೆರಳುಗಳು ಇನ್ನೂ ಮೂರು ಗಂಟು ಹಾಕಿದವು. ಲೆಕ್ಕ ತಪ್ಪಿದ ಮೆಹಬೂಬಸುಭಾನಿ ಎಣಿಸುವುದನ್ನೇ ಬಿಟ್ಟ. ಬೋಗುಣಿಗೆ ಸರಿಯಾದರೆ ಸಾಕು ಎಂದು ಅದರ ಮೇಲೇ ಭಾರ ಹಾಕಿದ.

ಮಧ್ಯಾಹ್ನ ಅವನು ನಮಾಜಿಗೆ ಹೋದಾಗ ಕರೆವ್ವ ಮತ್ತೆ ಬಂದಳು. "ಖಾಜಾಬಿ, ಹುಗ್ಗಿಗೆ ಇಟ್ಟೇನಿ, ನನ್ನದೊಂದ ಬೋಗುಣಿ ಸಾಲವಲ್ದು. ನಿಮ್ಮದೊಂದ ಕೊಡವಾ, ಅಂಗಿ ಆಮ್ಯಾಲ ತೊಡಸೀರಂತ."

ಇನ್ನೊಂದು ಪ್ರಶ್ನೆ ಬರುವ ಮೊದಲೇ ಆಕೆಯನ್ನು ಸಾಗಹಾಕುವ ಆತುರದಲ್ಲಿ ಖಾಜಾಬಿ ಟೊಪ್ಪಿಗೆ ತೆಗೆದಿಟ್ಟು ಬೋಗುಣಿ ಕೊಟ್ಟಳು. ಒಂದು ತಾಸಿಗೆ ಬೋಗುಣಿ ವಾಪಸು ಬಂತು, ಅಂಚಿನತನಕ ಗೋಧಿ ಹುಗ್ಗಿ ತುಂಬಿಕೊಂಡು. ಇಸಿದುಕೊಂಡ ಭಾಂಡೆಯನ್ನು ಖಾಲಿ ತಿರುಗಿಸಬಾರದು ಎಂಬುದು ಓಣಿಯ ಕಾನೂನು. ಹುಗ್ಗಿ ತಟ್ಟೆಗೆ ಇಳಿಯಿತು, ಬೋಗುಣಿ ತೊಳೆಸಿಕೊಂಡು ಕುಣಿಗೆ ಇಳಿಯಿತು. ಟೊಪ್ಪಿಗೆ ಯಾಕೋ ಬಿಗಿಯಾಗಿದೆ ಅನ್ನಿಸಿ ಮೆಹಬೂಬಸುಭಾನಿ ಅದನ್ನು ಬಿಚ್ಚಿ, ಸಡಿಲಗೊಳಿಸಿ, ಹೆಣೆದು, ನಾಲ್ಕಕ್ಕೆ ಸರಿಯಾಗಿ ಮುಗಿಸಿದ. ಬೋಗುಣಿಯ ಮೇಲೆ ಅದು ಅಳತೆ ಕೊಟ್ಟು ಹೊಲಿಸಿದಂತೆ ಕುಳಿತಿತ್ತು.

ಇಮಾಮಸಾಬರು ಒಬ್ಬರೇ ಬಂದರು. ಹುಡುಗನ ತಾಯಿಗೆ ಮೊಣಕಾಲು ನೋವು. ಚಹಾ ಆಯಿತು, ಕರೆವ್ವನ ಹುಗ್ಗಿಯೂ ಆಯಿತು. ಖಾಜಾಬಿ ತಾಟಿನಲ್ಲಿ ಟೊಪ್ಪಿಗೆ ಇಟ್ಟುಕೊಂಡು ಬಂದಳು.

"ನಮ್ಮ ನಾಜಮೀನಂದು... ಅಂದ್ರ, ನಮ್ಮ ಮನೀದ್ರಿ."

ಇಮಾಮಸಾಬರು ಟೊಪ್ಪಿಗೆ ಹಾಕಿಕೊಂಡರು. ಅದು ಹಣೆ ದಾಟಿತು, ಮೂಗು ದಾಟಿತು, ಗದ್ದದ ಹತ್ತಿರ ನಿಂತಿತು. ಕುರ್ಚಿಯ ಮೇಲೆ ಒಂದು ದೊಡ್ಡ ನೀಲಿ ಸೀತಾಫಲ ಕುಳಿತಿತ್ತು.

"ಬೆಚ್ಚಗೈತಿ," ಎಂದಿತು ಸೀತಾಫಲ.

ಬಾಗಿಲಲ್ಲಿ ಇಣುಕುತ್ತಿದ್ದ ಕರೆವ್ವನಿಗೆ ತಡೆಯಲಾಗಲಿಲ್ಲ. "ಅಯ್ಯ, ಅದು ನಮ್ಮ ಬೋಗುಣಿ ಅಳತಿರಿ! ನಿಮ್ಮದಕ್ಕ ಹುಗ್ಗಿ ತಳಾ ಹಿಡದಿತ್ತು, ಅದಕ್ಕ ನಮ್ಮದ ಕೊಟ್ಟ ಕಳಿಸಿದೆ. ಎರಡ ಬೆರಳ ದೊಡ್ಡದೈತಿ ಅಷ್ಟ!"

ಇಮಾಮಸಾಬರು ಟೊಪ್ಪಿಗೆ ತೆಗೆದರು. ತೆಗೆದವರು ಕೆಳಗಿಡಲಿಲ್ಲ, ಒಳಗು ಹೊರಗು ಮಾಡಿ ಬೆಳಕಿಗೆ ಹಿಡಿದರು. ಅವರು ಇಪ್ಪತ್ತೈದು ವರ್ಷ ನೇಕಾರರಿಗೆ ನೂಲು ಮಾರಿದ ಮನುಷ್ಯ.

"ಒಂದು, ಎರಡು, ಮೂರು, ನಾಕು," ಎಂದು ಗಂಟು ಎಣಿಸಿದರು. "ಹೆಣ್ಣಮಕ್ಕಳು ಉಣ್ಣಿಗೆ ಹಿಂಗ ಗಂಟ ಹಾಕೂದಿಲ್ಲ. ಇದು ಮಗ್ಗದ ಗಂಟು, ಹಲ್ಲಿಲೆ ಕಡದದ್ದು. ಬೇಟಿ, ಇದು ಯಾರ ಕೈದು?"

ಮೆಹಬೂಬಸುಭಾನಿ ನೆಲ ನೋಡಿದ.

"ಅಬ್ಬಾಂದ್ರಿ," ಎಂದಳು ನಾಜಮೀನ. "ನನಗ ಟೊಪಗಿ ಬರೂದಿಲ್ಲ. ನಾ ಸೂಜಿ ಹಿಡಿಯೂದು ರಕ್ತ ತಗೊಳ್ಳಾಕ ಅಷ್ಟ."

"ನನಗ ಸಕ್ಕರಿ ಐತಿ," ಎಂದರು ಇಮಾಮಸಾಬರು. "ರಕ್ತ ತೋರಸಾಕ ತಿಂಗಳಾ ರೋಣಕ್ಕ ಹೋಗಿ ಸಾಲಿನ್ಯಾಗ ನಿಂದರ್ತೀನಿ. ಟೊಪಗಿ ಪ್ಯಾಟ್ಯಾಗ ಸಿಗ್ತೈತಿ; ಇಂಥಾ ಸೊಸಿ ಸಿಗೂದಿಲ್ಲ. ನಮ್ಮ ಕಡಿಂದ ಹೂಂ."

ಮೆಹಬೂಬಸುಭಾನಿಯ ಕಣ್ಣಲ್ಲಿ ನೀರು ಬಂತು. ಅವನು ಜೇಬಿನಿಂದ ಕೊಕ್ಕೆ ಸೂಜಿ ತೆಗೆದು, ಕಿಟಕಿಯಿಂದ ಕೋಟೆಯ ಕಡೆ ನೋಡಿದ.

ಇಮಾಮಸಾಬರು ಕೆಮ್ಮಿದರು. "ಬೀಗರ, ಒಂದ ಮಾತ. ನಮ್ಮಾಕಿ ಬಾಯಿನೂ ನಿಮ್ಮಾಕಿ ಬಾಯಿ ಇದ್ದಂಗ. ಹೊಸ ಸೊಸಿ ನಿಕಾಹಕ್ಕ ನಮ್ಮ ಗಂಡಸರಿಗೆಲ್ಲಾ ಟೊಪಗಿ ಹೆಣಕೊಂಡ ಬರ್ತಾಳ ಅಂತ ಹೊಳೆಆಲೂರ ತುಂಬ ಹೇಳಿಬಿಟ್ಟಾಳ."

"ಖರೇ ಹೇಳಿಬಿಡ್ರೆಲಾ?" ಎಂದ ಮೆಹಬೂಬಸುಭಾನಿ.

"ಈಗ ಖರೇ ಹೇಳಿದ್ರ ಆವಾಗ ಸುಳ್ಳ ಹೇಳಿದ್ಲು ಅಂತ ಆಗ್ತೈತಿ."

"ಎಷ್ಟ ಮಂದಿ?"

"ನಲವತ್ತ. ನನ್ನೊಬ್ಬಂದ ತಲಿ ಸಣ್ಣದು. ಉಳದವರಿಗೆಲ್ಲಾ ಇದ ಬೋಗುಣಿ ಅಳತಿ ಬರೋಬ್ಬರಿ."

"ಇಟ್ಕೋರಿ ಸುಭಾನಣ್ಣಾ, ನನಗೇನ ಅವಸರಿಲ್ಲ," ಎಂದಳು ಬಾಗಿಲಿನಿಂದ ಕರೆವ್ವ.

ನಿಕಾಹ ಬರುವ ಚಳಿಗಾಲಕ್ಕೆ ನಿಗದಿಯಾಯಿತು. ಕರೆವ್ವನ ಬೋಗುಣಿ ಮಗ್ಗದ ಕುಣಿಯಲ್ಲೇ ಇದೆ. ಮೆಹಬೂಬಸುಭಾನಿ ಸದ್ಯ ಹದಿನೇಳನೆಯ ಟೊಪ್ಪಿಗೆ ಹೆಣೆಯುತ್ತಿದ್ದಾನೆ.