ಕಂಬಳಿಯ ಮುಂದೆ ರೇಡಿಯೋ

ರೇಡಿಯೋ ರಿಪೇರಿ ಮಾಡುವವನ ಬಳಿಗೆ ಕೆಟ್ಟ ರೇಡಿಯೋಗಳು ಬರುತ್ತವೆ ಎಂದು ನೀವು ತಿಳಿದಿರಬಹುದು. ನನ್ನ ಪಾಲಿಗೆ ಮಾತ್ರ ಯಾವಾಗಲೂ ಬರುತ್ತಿದ್ದವು ಚೆನ್ನಾಗಿಯೇ ಇದ್ದ ರೇಡಿಯೋಗಳು, ಮತ್ತು ಅವುಗಳ ಮೇಲೆ ಸಿಟ್ಟಾದ ಜನ.

ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪಂಚಾಯ್ತಿ ರೇಡಿಯೋಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಎರೆಹೊಲ, ಜೋಳ, ಮತ್ತೆ ಎರೆಹೊಲ. ಅರ್ಧ ನಿದ್ದೆ, ಅರ್ಧ ಎಚ್ಚರ. ಸಂಜೆ ಯಾವುದೋ ಊರಿನ ಕಟ್ಟೆಯ ಮೇಲೆ ರೇಡಿಯೋ ಗುಂಯ್ ಎನ್ನುತ್ತ ಬಿಸಿಯಾಗುವುದು, ಧೂಳಿನಲ್ಲಿ ದನಗಳು ಮನೆಗೆ ಮರಳುವುದು, ಎಲ್ಲ ಒಂದರೊಳಗೊಂದು ಕಲಸಿಹೋಗಿದೆ. ಈಗ ನೆನೆಸಿಕೊಂಡರೆ ಇವನ್ನೆಲ್ಲ ಕಂಡೆನೋ, ಕನಸಿನಲ್ಲಿ ಕೇಳಿದೆನೋ ಎಂದು ನನಗೇ ಅನುಮಾನ.

ಗೋಡೆಗೆ ಮುಖ

ಸಾಲೋಟಗಿಯ ಹತ್ತಿರದ ಒಂದು ಹಳ್ಳಿಯಿಂದ ಅಲ್ಲಿನ ಹೊಸ ಮಾಸ್ತರರು ಕಾಗದ ಬರೆದರು: ರೇಡಿಯೋ ದನಿ ಸರಿಯಾಗಿ ಕೇಳುತ್ತಿಲ್ಲ. ಹೋಗಿ ನೋಡಿದರೆ ಪಂಚಾಯ್ತಿ ಕೋಣೆಯ ಗೂಡಿನಲ್ಲಿ ರೇಡಿಯೋ ಗೋಡೆಯ ಕಡೆ ಮುಖ ಮಾಡಿಕೊಂಡು ಏನೋ ಗೊಣಗುತ್ತಿತ್ತು. ಇಷ್ಟೇನಾ ಎಂದು ತಿರುಗಿಸಲು ಕೈ ಹಾಕಿದೆ. ಚೇರ್ಮನ್ನರು ಕೈ ಹಿಡಿದುಕೊಂಡರು.

ಹಿಂದಿನ ವಾರ ರೇಡಿಯೋದಲ್ಲಿ ಯಾರೋ, ಈ ಕಡೆಯ ಜನ ಮಾತಾಡಿದರೆ ಜಗಳಾಡಿದ ಹಾಗಿರುತ್ತದೆ, ಇವರಿಗೆ ಮೊದಲು ಮಾತು ಕಲಿಸಬೇಕು ಎಂದು ನಕ್ಕಿದ್ದನಂತೆ. ಊರವರು ಕೂಡಿ ರೇಡಿಯೋಕ್ಕೆ ಎಂಟು ದಿನದ ಶಿಕ್ಷೆ ವಿಧಿಸಿದ್ದರು. ಮಾಸ್ತರರಿಗೆ ಇದು ಗೊತ್ತಿರಲಿಲ್ಲ.

ಹಾಗಿದ್ದರೆ ಸುಮ್ಮನೆ ಬಂದ್ ಮಾಡಬಹುದಿತ್ತಲ್ಲ ಎಂದು ಕೇಳಿದೆ. ಚೇರ್ಮನ್ನರು ನನ್ನ ದಡ್ಡತನಕ್ಕೆ ಮರುಗಿದವರಂತೆ ನೋಡಿದರು.

"ಬಂದ್ ಮಾಡಿದ್ರ ಅದಕ್ಕ ತಿಳಿಯೂದು ಹ್ಯಾಂಗ್ರಿ? ಮಾತಾಡ್ಲಿ. ಯಾರೂ ಮುಖಾ ನೋಡೂದಿಲ್ಲ."

ಹೆದರಿದ ಪೆಟ್ಟಿಗೆ

ಅದು ನಗುವ ಮಾತಾಯಿತು. ತಂಗಡಗಿಯ ಕಡೆ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ನಡೆದದ್ದಕ್ಕೆ ಮಾತ್ರ ಮೊದಮೊದಲು ನನಗೆ ನಗು ಬರಲಿಲ್ಲ.

ಗುರುವಾರದ ಹಳ್ಳಿಗರ ಕಾರ್ಯಕ್ರಮ ನಡೆಸುವವನನ್ನು ಎಲ್ಲರೂ ರೇಡಿಯೋ ಅಣ್ಣ ಎನ್ನುತ್ತಿದ್ದರು. ಅವನು ಒಂದು ಹಾಸ್ಯದಲ್ಲಿ, "ಕರಿ ಕಂಬಳಿ ಹೊದ್ದವರ ಮೈಯೂ ಕರಿ, ಬುದ್ಧಿಯೂ ಕರಿ, ಕುರಿ ಯಾವುದು ಮನುಷ್ಯ ಯಾವುದು ಎಂದು ತಿಳಿಯದ ಜನ" ಎಂದುಬಿಟ್ಟ. ಆ ಊರಿನಲ್ಲಿ ಕುರಿ ಸಾಕಿ, ಕಂಬಳಿ ನೇಯಿಸಿ, ಮುದ್ದೇಬಿಹಾಳದ ಸಂತೆಯಲ್ಲಿ ಮಾರುವ ಒಬ್ಬ ಅವ್ವ ಇದ್ದಳು. ಉಣ್ಣೆಯ ವಿಷಯದಲ್ಲಿ ಸಂತೆಗೆಲ್ಲ ಅವಳು ಹೇಳಿದ್ದೇ ಕೊನೆಯ ಮಾತು. ಆ ಗುರುವಾರದ ನಂತರ ಅವಳಿಗೆ ಕರಿಬುದ್ಧಿ ಎಂದು ಹೆಸರು ಬಿತ್ತು. ಅವಳು ಬಾಯಿ ತೆರೆಯುವ ಮೊದಲೇ ಗಿರಾಕಿಗಳು ನಗತೊಡಗಿದರು. ಅವ್ವ ಸಂತೆಗೆ ಹೋಗುವುದನ್ನೇ ಬಿಟ್ಟಳು.

ನನಗೆ ನಾಚಿಕೆಯಾಯಿತು. ಆ ರೇಡಿಯೋಕ್ಕೆ ಹೊಸ ಬ್ಯಾಟರಿ ಹಾಕಿ ಮಾತು ಸ್ವಚ್ಛ ಕೇಳುವಂತೆ ಮಾಡಿದವನು ನಾನೇ.

ಆ ಕುರಿ ಸಾಕುವವರಲ್ಲಿ ಒಂದು ಪದ್ಧತಿ. ಯಾರಾದರೂ ಸಲ್ಲದ ಮಾತು ಆಡಿದರೆ ಕಂಬಳಿ ಹಾಸಿ, ಮೇಲೆ ಅರಿಸಿನದ ಭಂಡಾರ ಚೆಲ್ಲಿ, ಆಡಿದ ಮಾತನ್ನು ಅದರ ಮುಂದೆ ಮತ್ತೊಮ್ಮೆ ಆಡು ಎನ್ನುತ್ತಾರೆ. ಕಂಬಳಿಯ ಮುಂದೆ ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ. ಹಿರಿಯರು ರೇಡಿಯೋವನ್ನು ತಂದು ಕಂಬಳಿಯ ಮುಂದೆ ಇಟ್ಟರು. ಗುರುವಾರ ಸಂಜೆ ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿತು. ಹೊಳೆಯ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ರೇಡಿಯೋ ಅಣ್ಣ ಬಂದ, ನಮಸ್ಕಾರ ಹೇಳಿದ, ಕುರಿಗಳಿಗೆ ಜಂತುಹುಳದ ಔಷಧ ಕುಡಿಸುವುದು ಹೇಗೆಂದು ಅರ್ಧ ತಾಸು ತಿಳಿಸಿ ಹೋದ.

ಹಿರಿಯರು ತೀರ್ಪು ಕೊಟ್ಟರು: "ಕಂಬಳಿ ಕಂಡು ಹೆದರೇತಿ. ಮಾತ ಬದ್ಲಸ್ತು."

ಅವ್ವ ಮಾತ್ರ ಒಪ್ಪಲಿಲ್ಲ. ಪೆಟ್ಟಿಗೆಯದೇನು ತಪ್ಪು, ಅಂದವನನ್ನು ಕರೆಸಿರಿ ಎಂದಳು. ಕರೆಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮರ್ಯಾದೆಯ ಕಾಗದ

ನಾನು ಸಾಲಿಯಲ್ಲಿ ಕಲಿತ ಪ್ರಕಾರ ಕಾಗದ ಬರೆದೆ. ನಾವೆಲ್ಲ ಕ್ಷೇಮ, ತಮ್ಮ ಕಾರ್ಯಕ್ರಮವನ್ನು ಇಡೀ ಊರು ತಪ್ಪದೆ ಕೇಳುತ್ತದೆ, ತಮ್ಮ ಧ್ವನಿ ಬಹಳ ಇಂಪು, ಎಂದೆಲ್ಲ ಬರೆದು ಆಮೇಲೆ ಎರಡು ಪುಟ ದೂರು. ಮುಂದಿನ ಗುರುವಾರ ರೇಡಿಯೋ ಅಣ್ಣ ಕಾಗದವನ್ನು ಇಂಪಾದ ಧ್ವನಿಯವರೆಗೆ ಓದಿ, ಬಹಳ ಸಂತೋಷ ಎಂದು ಹೇಳಿ, ಆ ಊರಿನವರಿಗಾಗಿ ಎಂದು ಒಂದು ಹಾಡನ್ನೂ ಹಾಕಿದ.

ಎಲ್ಲರೂ ನನ್ನ ಮುಖ ನೋಡಿದರು. ಹಾಡು ಚೆನ್ನಾಗಿತ್ತು, ಹಾಗೆಂದು ಹೇಳುವ ಹಾಗಿರಲಿಲ್ಲ.

ಎರಡನೆಯ ಕಾಗದವನ್ನು ಅವ್ವನೇ ಹೇಳಿ ಬರೆಸಿದಳು. ನಾನು ರೂಢಿಯಂತೆ ಮೇಲೆ 'ಕ್ಷೇಮ' ಎಂದು ಬರೆಯಹೋದರೆ ತಡೆದಳು.

"ಕ್ಷೇಮ ಅಂತ ಬರೀಬ್ಯಾಡ ತಮ್ಮಾ. ಅಷ್ಟ ಓದಿ ಬಿಡ್ತಾನ."

ಮೂರು ಗುರುವಾರ

ಕ್ಷೇಮವಿಲ್ಲದ ಕಾಗದಗಳು ಐದಾರು ಹೋದ ಮೇಲೆ ರೇಡಿಯೋ ಅಣ್ಣ ಟೇಪ್ ರೆಕಾರ್ಡರ್ ಹೊತ್ತುಕೊಂಡು ತಾನೇ ಬಂದ. ಆ ಗಂಭೀರ ದನಿಯ ಒಡೆಯ ಇಷ್ಟೇ ಇಷ್ಟು ಎತ್ತರದ, ಬೆವರು ಒರೆಸಿಕೊಳ್ಳುತ್ತಿದ್ದ ಮನುಷ್ಯ ಎಂದು ನೋಡಿ ನನಗೆ ಕನಸು ಒಡೆದಂತಾಯಿತು. ಕಂಬಳಿ ಹಾಸಿದ್ದನ್ನು ಕಂಡು, ತನಗೇ ಹಾಸಿದ್ದೆಂದು ತಿಳಿದು ಅದರ ಮೇಲೆ ಕೂರಲು ಹೋದ. ನಾಲ್ಕು ಜನ ಹಿಡಿದು ನಿಲ್ಲಿಸಿದರು.

ಅಂದದ್ದನ್ನು ಈಗ ಅನ್ನು ಎಂದಳು ಅವ್ವ. ಬರೆದವರು ಬೇರೆ, ನಾನು ಓದಿದೆ ಅಷ್ಟೇ ಎಂದ ಅವನು. ಬಾಯಿ ಯಾರದು ಎಂದು ಅವಳು ಕೇಳಿದಳು. ಆಮೇಲೆ ಅವ್ವ ಅವನನ್ನು ಕುರಿಹಿಂಡಿನ ನಡುವೆ ಕರೆದುಕೊಂಡು ಹೋಗಿ ಒಂದೊಂದರ ಹೆಸರು, ತಾಯಿ, ಅಜ್ಜಿಯ ತನಕ ಹೇಳಿದಳು. ಅವನು ತಲೆ ತಗ್ಗಿಸಿ, ತಪ್ಪಾಯಿತವ್ವ ಎಂದ. ನಿಜವಾಗಿಯೇ ಅಂದನೆಂದು ನನಗೆ ಅನ್ನಿಸಿತು.

"ಇಲ್ಲಿ ಅಂದ್ರ ನಮ್ಮ ಕುರಿ ಅಷ್ಟ ಕೇಳ್ತಾವ. ನೀ ಬೈದಿದ್ದು ನಾಕ ತಾಲ್ಲೂಕ ಕೇಳ್ಯಾವ. ಅಲ್ಲೇ ಹೇಳು."

ಅದಕ್ಕೆ ಸಾಹೇಬರ ಪರವಾನಗಿ ಬೇಕು ಎಂದ. ಬೈಯಲು ಯಾರ ಪರವಾನಗಿ ತಗೊಂಡಿದ್ದೆ ಎಂದು ಅವಳು ಕೇಳಿದ ಮೇಲೆ ಟೇಪ್ ಸುತ್ತತೊಡಗಿತು.

ಗುರುವಾರ ಅವನ ದನಿ ಬಂತು. ತಪ್ಪಾಯಿತು, ಆ ಅವ್ವನಷ್ಟು ಬುದ್ಧಿವಂತರನ್ನು ನಾನು ಕಂಡಿಲ್ಲ, ಎಂದು ನಾಲ್ಕು ತಾಲ್ಲೂಕಿಗೂ ಕೇಳುವಂತೆ ಹೇಳಿದ. ನನ್ನ ಕಣ್ಣು ತುಂಬಿತು. ಅವ್ವ ಅಲುಗಾಡಲಿಲ್ಲ. ಮತ್ತೊಮ್ಮೆ ಅನ್ನಿಸು ಎಂದಳು. ರೇಡಿಯೋ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲವ್ವ ಎಂದೆ.

"ಬೈಯೂದು ಮೂರ ಗುರುವಾರ ಬೈತಲ್ಲ?"

ನಿಜ. ಕೇಳುಗರಿಗೆ ಬಹಳ ಹಿಡಿಸಿತೆಂದು ಆ ಹಾಸ್ಯವನ್ನು ಮೂರು ವಾರ ಹಾಕಿದ್ದರು. ಅವ್ವ ಎದ್ದು ಹೋಗಿ, ರೇಡಿಯೋದ ಪಕ್ಕ ಇರುತ್ತಿದ್ದ ನಮ್ಮ ದುರಸ್ತಿ ಪುಸ್ತಕ ತಂದು ನನ್ನ ಮುಂದಿಟ್ಟಳು. 'ದೋಷ' ಎಂಬ ಕಾಲಮ್ಮಿನಲ್ಲಿ ಅವಳು ಹೇಳಿದಂತೆ ಬರೆದೆ: "ಬೈಗುಳ ಮೂರು ಸಲ ಹೇಳುತ್ತದೆ. ತಪ್ಪಾಯಿತು ಎಂಬುದನ್ನು ಒಂದೇ ಸಲ ಹೇಳುತ್ತದೆ."

ನಮ್ಮ ಕಚೇರಿಯಲ್ಲಿ ಏನನ್ನೂ ಓದುವ ರೂಢಿ ಇರಲಿಲ್ಲ. ಅದರ ನಕಲಿಗೆ 'ಕೂಡಲೇ ಸರಿಪಡಿಸತಕ್ಕದ್ದು' ಎಂದು ಠಸ್ಸೆ ಹೊಡೆದು ರೇಡಿಯೋದವರಿಗೆ ಕಳಿಸಿಬಿಟ್ಟರು. ಠಸ್ಸೆಗೆ ಅಂಜಿದರೋ, ಅವ್ವನಿಗೆ ಅಂಜಿದರೋ, ಮುಂದಿನ ಎರಡು ಗುರುವಾರವೂ ತಪ್ಪಾಯಿತು ಎಂದು ಬಂತು.

ಮೂರನೆಯದು ಮುಗಿದ ಮೇಲೆ ಅವ್ವ 'ದುರಸ್ತಿ ಸಮಾಧಾನಕರ' ಎಂಬಲ್ಲಿ ಹೆಬ್ಬೆಟ್ಟು ಒತ್ತಿ, ಸಂತೆಗೆ ಒಯ್ಯುವ ಕಂಬಳಿಗಳನ್ನು ಗಂಟು ಕಟ್ಟತೊಡಗಿದಳು. ಇನ್ನು ರೇಡಿಯೋ ಕೆಟ್ಟರೆ ಹೇಳಿ ಕಳಿಸವ್ವ ಎಂದು ನಾನೂ ಎದ್ದೆ.

"ಪೆಟ್ಟಿಗಿ ಛಲೋ ಐತಿ ತಮ್ಮಾ," ಎಂದಳು. "ಅವ ಮತ್ತ ಕೆಟ್ರ ಹೇಳಿ ಕಳಸ್ತೇನಿ. ನಿನ್ನ ಪಾನಾ, ಇಕ್ಕಳ ತಗೊಂಡು ಅಲ್ಲಿಗೇ ಹೋಗು."